ರೈಲು ಬಿಟ್ಟುಹೋದ ನೆಲ

ಅಮೆರಿಕದ ಯೂಟಾ ರಾಜ್ಯದಲ್ಲಿ, ಮಹಾಲವಣ ಸರೋವರದ ಉತ್ತರ ದಿಕ್ಕಿಗೆ, ಪ್ರಾಮಂಟರಿ ಎಂಬ ಎತ್ತರದ ಬಯಲೊಂದಿದೆ. 1869ನೆಯ ಇಸವಿ ಮೇ ತಿಂಗಳ 10ನೆಯ ದಿನ, ಪೂರ್ವದಿಂದ ಬೆಳೆದುಬಂದ ಯೂನಿಯನ್ ಪೆಸಿಫಿಕ್ ಕಂಪನಿಯ ಹಳಿಯೂ ಪಶ್ಚಿಮದಿಂದ ಬೆಳೆದುಬಂದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಹಳಿಯೂ ಈ ಬಯಲಿನಲ್ಲಿ ಸಂಧಿಸಿದುವು. ಚಿನ್ನದ ಮೊಳೆಯೊಂದನ್ನು ಅಡ್ಡತೊಲೆಗೆ ಇಳಿಸಿ, ಕಾರ್ಯ ಮುಗಿಯಿತೆಂದು ತಂತಿಯ ಮೂಲಕ ದೇಶಕ್ಕೆಲ್ಲ ಸಾರಿದರು. ಆ ಉತ್ಸವದ ವರ್ಣನೆ ರೈಲಿನ ಎಲ್ಲ ಚರಿತ್ರೆಗಳಲ್ಲಿಯೂ ದೊರೆಯುತ್ತದೆ. ಅಷ್ಟಾಗಿ ಕೇಳಿಬಾರದ ಇನ್ನೊಂದು ಸಮಾರಂಭ ಅದೇ ಸ್ಥಳದಲ್ಲಿ 1942ರ ಸೆಪ್ಟೆಂಬರಿನಲ್ಲಿ ನಡೆಯಿತು. ಸರೋವರದ ನೀರಿನ ಮೇಲೆಯೇ ಏರಿಯನ್ನೂ ಮರದ ಕಾಲುಗಳ ಸೇತುವೆಯನ್ನೂ ಕಟ್ಟಿ 1904ರಲ್ಲಿ ನೇರವಾದ ಹೊಸ ದಾರಿಯನ್ನು ತೆರೆದ ಮೇಲೆ, ಏರಿಳಿತಗಳ ಪ್ರಾಮಂಟರಿಯ ಮಾರ್ಗಕ್ಕೆ ಕೆಲಸ ಕಡಮೆಯಾಗುತ್ತ ಬಂದಿತ್ತು. ಎರಡನೆಯ ಮಹಾಯುದ್ಧಕ್ಕೆ ಲೋಹ ಬೇಕಾದಾಗ ಆ ಹಳಿಗಳನ್ನು ಕಿತ್ತು ಒಯ್ದರು, ಮೊಳೆಯನ್ನು ಹೊಡೆದಾಗ ಸೇರಿದಂತೆಯೇ ಮೊಳೆಯನ್ನು ಕೀಳುವಾಗಲೂ ಜನ ಸೇರಿದರು. ಹಳಿ ಹೋಯಿತು, ಬೆಟ್ಟವನ್ನು ಸೀಳಿದ ಕಡಿತ, ಹಳ್ಳವನ್ನು ತುಂಬಿದ ಏರಿ, ಜಲ್ಲಿ ಹಾಸಿದ್ದ ನೆಲ, ಇವು ಇದ್ದಲ್ಲಿಯೇ ಉಳಿದುವು.

ಹೀಗೆ ಉಳಿದ ನೆಲ ಯಾರದು? ಕಂಪನಿಯದೇ, ಸರ್ಕಾರದ್ದೇ, ಪಕ್ಕದ ಹೊಲದವನದೇ, ಅಥವಾ ಅದರ ಮೇಲೆ ನಡೆದಾಡಬಯಸುವ ಸಾಮಾನ್ಯ ಜನರದೇ? ಕೇಳುವುದಕ್ಕೆ ಸುಲಭವಾಗಿ ತೋರುವ ಈ ಪ್ರಶ್ನೆ ಆ ದೇಶದ ನ್ಯಾಯಾಲಯಗಳನ್ನು ಒಂದು ಶತಮಾನಕ್ಕೂ ಮೀರಿ ಕಾಡಿದೆ. ಅದರ ಬೇರುಗಳನ್ನು ಕಾಣಬೇಕಾದರೆ ಹಳಿ ಹಾಕಿದ ಕಾಲಕ್ಕೇ ಹೋಗಬೇಕು.

1862ರ ಜುಲೈ 1ರಂದು, ಅಂತರ್ಯುದ್ಧದ ಮಧ್ಯದಲ್ಲಿ, ಅಧ್ಯಕ್ಷ ಲಿಂಕನ್ನನು ಸಹಿ ಮಾಡಿದ ಪೆಸಿಫಿಕ್ ರೈಲ್ವೆ ಶಾಸನವು ಕಂಪನಿಗಳಿಗೆ ಹಳಿಯ ಎರಡು ಪಕ್ಕಗಳಲ್ಲಿಯೂ ಇನ್ನೂರು ಇನ್ನೂರು ಅಡಿಯ ನೆಲವನ್ನು ಕೊಟ್ಟುದಲ್ಲದೆ, ಮಾರಿ ಹಣ ಮಾಡಿಕೊಳ್ಳಲೆಂದು ಮಾರ್ಗದ ಇಕ್ಕೆಲದ ಭೂಮಿಯನ್ನು ಚದುರಂಗದ ಮನೆಗಳ ರೀತಿಯಲ್ಲಿ ಒಂದು ಬಿಟ್ಟು ಒಂದರಂತೆ ದಾನ ಮಾಡಿತು. ಎರಡು ವರ್ಷದ ತರುವಾಯ ಆ ದಾನವನ್ನು ಇಮ್ಮಡಿಗೊಳಿಸಿತು. ಇಂಥ ದಾನಗಳು 1871ರ ಹೊತ್ತಿಗೆ ನಿಂತುವಾದರೂ, ಅಷ್ಟರೊಳಗೆ ಸುಮಾರು 13 ಕೋಟಿ ಎಕರೆಗಳಷ್ಟು ಭೂಮಿ ರೈಲು ಕಂಪನಿಗಳ ಪಾಲಿಗೆ ನಿಗದಿಯಾಗಿತ್ತು. ಸರ್ಕಾರವು ತನ್ನದನ್ನು ತಾನು ಕೊಟ್ಟಿತು ಎಂದು ಇಲ್ಲಿ ತೋರಬಹುದು. ಆದರೆ ಅದೇ ಶಾಸನದ ಎರಡನೆಯ ವಿಧಿಯಲ್ಲಿ, ಈ ಮಾರ್ಗಕ್ಕೆ ಬೇಕಾದ ಭೂಮಿಯ ಮೇಲೆ ಇಂಡಿಯನ್ ಜನಾಂಗಗಳಿಗಿರುವ ಹಕ್ಕನ್ನು ಆದಷ್ಟು ಬೇಗ ಅಳಿಸಿಹಾಕುವುದಾಗಿ ಸರ್ಕಾರ ವಚನ ಕೊಟ್ಟಿದೆ. ಕೊಡುವವನು ಕೊಡುತ್ತಿರುವ ವಸ್ತು ಇನ್ನೂ ಪರರದೆಂಬುದನ್ನು ದಾನಪತ್ರದಲ್ಲಿಯೇ ಒಪ್ಪಿಕೊಂಡಿರುವ ಈ ವಾಕ್ಯವನ್ನು, ಮುಂದೆ ಬರುವ ಎಲ್ಲ ವ್ಯಾಜ್ಯಗಳ ಕಥೆಯನ್ನು ಓದುವಾಗಲೂ ನಾವು ನೆನಪಿನಲ್ಲಿಡುವುದು ನ್ಯಾಯ.

ದೊಡ್ಡ ದಾನಗಳ ಕಾಲ ಮುಗಿದ ಮೇಲೆ 1875ರಲ್ಲಿ ಬೇರೊಂದು ಸಾಮಾನ್ಯ ಶಾಸನ ಬಂದಿತು. ಸರ್ಕಾರಿ ಬಯಲುಗಳಲ್ಲಿ ಹಳಿ ಹಾಕುವ ಯಾವ ಕಂಪನಿಗಾದರೂ ಮಾರ್ಗಮಧ್ಯದಿಂದ ಎರಡು ಕಡೆಗೂ ನೂರು ನೂರು ಅಡಿ ದೊರೆಯುವುದೆಂದು ಅದು ವಿಧಿಸಿತು. ದೊರೆಯುವುದು ನೆಲವೇ, ಅಥವಾ ನೆಲದ ಮೇಲೆ ಹಾದುಹೋಗುವ ಹಕ್ಕು ಮಾತ್ರವೇ ಎಂಬುದನ್ನು ಅದು ಬಿಡಿಸಿ ಹೇಳಲಿಲ್ಲ. ದೇಶದ ಪೂರ್ವಭಾಗದಲ್ಲಿಯೂ ಮಧ್ಯಭಾಗದಲ್ಲಿಯೂ, ಎಂದರೆ ಭೂಮಿಯು ಆಗಲೇ ರೈತರ ಕೈ ಸೇರಿದ್ದ ಕಡೆಗಳಲ್ಲಿ, ಕಂಪನಿಯ ಪ್ರತಿನಿಧಿಗಳು ಹೊಲದಿಂದ ಹೊಲಕ್ಕೆ ಹೋಗಿ ಒಬ್ಬೊಬ್ಬನಿಂದಲೂ ಒಂದೊಂದು ಪತ್ರವನ್ನು ಬರೆಯಿಸಿಕೊಂಡರು. ತನ್ನೂರಿಗೆ ಒಂದು ನಿಲ್ದಾಣ ಬಂದರೆ ಗೋಧಿಗೆ ಬೆಲೆ ಬಂದೀತೆಂಬ ಆಸೆಯಿಂದ ಒಬ್ಬನು ಪುಕ್ಕಟೆಯಾಗಿ ಕೊಟ್ಟನು. ಮತ್ತೊಬ್ಬನು ಹಣಕ್ಕೆ ಮಾರಿದನು. ಒಪ್ಪದವನ ಹೊಲವನ್ನು ಕಂಪನಿ ಕಾನೂನಿನ ಬಲದಿಂದ ತೆಗೆದುಕೊಂಡಿತು. ಒಂದು ಪತ್ರದಲ್ಲಿ ಭೂಮಿಯನ್ನೇ ಶಾಶ್ವತವಾಗಿ ಕೊಟ್ಟಿರುವುದೆಂದು ಇರುವುದು. ಅದರ ಮುಂದಿನ ಹೊಲದ ಪತ್ರದಲ್ಲಿ ರೈಲುಮಾರ್ಗದ ಉಪಯೋಗಕ್ಕಾಗಿ ಎಂದಿರುವುದು. ಮೂರನೆಯ ಹೊಲಕ್ಕೆ ಪತ್ರವೇ ಇಲ್ಲದಿರುವುದು. ರೈಲು ಓಡುತ್ತಿರುವವರೆಗೆ ಈ ಭೇದಗಳನ್ನು ಯಾರೂ ಗಮನಿಸಲಿಲ್ಲ, ಗಮನಿಸಬೇಕಾದ ಕಾರಣವೂ ಇರಲಿಲ್ಲ. ರೈಲು ನಿಂತ ದಿನ ಅವೆಲ್ಲವೂ ಒಮ್ಮೆಗೇ ಎಚ್ಚರಗೊಂಡುವು. ಏಕೆಂದರೆ, ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದ ಹಳೆಯ ನ್ಯಾಯದ ಪ್ರಕಾರ, ಒಂದು ಉದ್ದೇಶಕ್ಕಾಗಿ ಕೊಟ್ಟ ಹಾದಿಯ ಹಕ್ಕು ಆ ಉದ್ದೇಶವನ್ನು ತೊರೆದ ಕೂಡಲೆ ತೀರಿಹೋಗುತ್ತದೆ. ಅಡಿಯಲ್ಲಿದ್ದ ಭೂಮಿಯು ಯಾವ ಹೊಸ ಕ್ರಯಪತ್ರವೂ ಇಲ್ಲದೆ ಋಣಮುಕ್ತವಾಗಿ ತನ್ನ ಒಡೆಯನಿಗೆ ನಿಲ್ಲುತ್ತದೆ.

ನಮ್ಮ ದೇಶದ ಓದುಗರಿಗೆ ಇದು ವಿಚಿತ್ರವಾಗಿ ಕಾಣಬಹುದು. ಇಲ್ಲಿ 1894ರ ಭೂಸ್ವಾಧೀನ ಶಾಸನದ ಪ್ರಕಾರ ತೆಗೆದುಕೊಂಡ ಭೂಮಿ ಸಕಲ ಋಣಗಳಿಂದಲೂ ಮುಕ್ತವಾಗಿ ಪೂರ್ಣವಾಗಿಯೇ ಸರ್ಕಾರಕ್ಕೆ ಸೇರುತ್ತಿತ್ತು. ಹಳಿಯನ್ನು ಕಿತ್ತರೂ ನೆಲ ತಿರುಗಿ ಮೊದಲಿನವನ ಮನೆಯ ಬಾಗಿಲಿಗೆ ಬರುತ್ತಿರಲಿಲ್ಲ. ಅಮೆರಿಕದಲ್ಲಿ ಕಂಪನಿಗಳು ಖಾಸಗಿಯವಾದುದರಿಂದಲೂ, ಅವು ಪಡೆದುದು ಪತ್ರ ಪತ್ರಕ್ಕೂ ಬೇರೆಯಾದುದರಿಂದಲೂ, ಹತ್ತು ಮೈಲಿಯ ಒಂದು ಮಾರ್ಗವು ನ್ಯಾಯದ ಕಣ್ಣಿಗೆ ಹಲವಾರು ತುಂಡುಗಳಾಗಿ ಕಂಡಿತು.

ಮಾರ್ಗಗಳು ನಿಲ್ಲುವ ಕಾಲ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1916ರಲ್ಲಿ ಆ ದೇಶದ ಹಳಿಯ ಜಾಲ ತನ್ನ ಪರಮಾವಧಿಯನ್ನು ಮುಟ್ಟಿತು. ಆಗ ಅದರ ಉದ್ದ ಸುಮಾರು 2,54,000 ಮೈಲಿ. ಮೋಟಾರೂ ಲಾರಿಯೂ ವಿಮಾನವೂ ಒಂದೊಂದಾಗಿ ಅದರ ಸಂಪಾದನೆಯನ್ನು ಕಿತ್ತುಕೊಂಡುವು. 1956ರ ಶಾಸನದಿಂದ ಹುಟ್ಟಿದ ಅಂತರರಾಜ್ಯ ಹೆದ್ದಾರಿಗಳು ಆ ಕ್ಷಯವನ್ನು ತೀವ್ರಗೊಳಿಸಿದುವು. 1970ರಲ್ಲಿ ಪೆನ್ ಸೆಂಟ್ರಲ್ ಎಂಬ ಮಹಾಸಂಸ್ಥೆ ದಿವಾಳಿಯೆದ್ದಿತು. ಒಂದು ಮಾರ್ಗವನ್ನು ಬಿಡಬೇಕಾದರೆ 1920ರಿಂದಲೂ ಅಂತರರಾಜ್ಯ ವಾಣಿಜ್ಯ ಆಯೋಗದ ಅಪ್ಪಣೆ ಅವಶ್ಯವಾಗಿತ್ತು. 1980ರ ಸ್ಟ್ಯಾಗರ್ಸ್ ಶಾಸನ ಕಂಪನಿಗಳ ಮೇಲಿನ ಕಟ್ಟುಗಳನ್ನು ಬಹುವಾಗಿ ಸಡಿಲಿಸಿದ ಮೇಲೆ ಶಾಖಾಮಾರ್ಗಗಳು ಬಹು ವೇಗವಾಗಿ ಕಳಚಿಬಿದ್ದುವು.

ಇಲ್ಲಿ ಒಂದು ವಿಷಯವನ್ನು ಸಾವಧಾನವಾಗಿ ಯೋಚಿಸಬೇಕು. ನೂರಡಿ ಅಗಲದ ಪಟ್ಟೆಯೊಂದರ ತುಂಡು, ತುಂಡಾಗಿ ನೋಡಿದರೆ, ಅಷ್ಟೇನೂ ಬೆಲೆಯ ವಸ್ತುವಲ್ಲ. ಅದರಲ್ಲಿ ಜಲ್ಲಿ ತುಂಬಿರುವುದರಿಂದ ಪೈರು ಸರಿಯಾಗಿ ಬಾರದು, ಅದರ ಆಕಾರದಿಂದಾಗಿ ಮನೆ ಕಟ್ಟುವುದೂ ಕಷ್ಟ. ಅದರ ಬೆಲೆಯೆಲ್ಲ ಅಖಂಡತೆಯಲ್ಲಿದೆ. ಬೆಟ್ಟವನ್ನು ಕೊರೆದು, ನದಿಗೆ ಸೇತುವೆ ಹಾಕಿ, ಎಲ್ಲಿಯೂ ಕಡಿದಾದ ಏರಿಲ್ಲದಂತೆ ಒಂದು ಊರಿನಿಂದ ಇನ್ನೊಂದು ಊರಿಗೆ ಮಟ್ಟಸವಾದ ಹಾದಿಯನ್ನು ಕೂಡಿಸುವುದಕ್ಕೆ ಒಂದು ತಲೆಮಾರಿನ ಶ್ರಮವೂ ಅಪಾರವಾದ ದ್ರವ್ಯವೂ, ಎಷ್ಟೋ ಕೂಲಿಯವರ ಪ್ರಾಣವೂ ವ್ಯಯವಾಗಿದ್ದುವು. ನಡುವಿನಲ್ಲಿ ಒಬ್ಬನು ಬೇಲಿ ಹಾಕಿದರೆ ಸಾಕು, ಉಳಿದ ಅಷ್ಟೂ ಮೈಲಿ ನಿರರ್ಥಕವಾಗುವುದು. ಮತ್ತೊಮ್ಮೆ ಅಂಥ ಹಾದಿಯನ್ನು ಕೂಡಿಸುವುದು ಇಂದಿನ ಬೆಲೆಯಲ್ಲಿ, ಇಂದಿನ ಜನಸಂದಣಿಯಲ್ಲಿ, ಹೆಚ್ಚುಕಡಮೆ ಅಸಾಧ್ಯ.

ಇದನ್ನು ಮೊದಲು ಕಂಡವರು ಕಾನೂನಿನ ಪಂಡಿತರಲ್ಲ, ನಡೆಯುವವರು. ಷಿಕಾಗೋ ನಗರದಿಂದ ಪಶ್ಚಿಮಕ್ಕೆ ಓಡುತ್ತಿದ್ದ ಷಿಕಾಗೋ ಆರೋರಾ ಎಲ್ಜಿನ್ ಎಂಬ ವಿದ್ಯುತ್ ರೈಲು 1957ರ ಜುಲೈ 3ರಂದು ನಡುಹಗಲಿನಲ್ಲಿ ಪ್ರಯಾಣಿಕರ ಸಂಚಾರವನ್ನು ಥಟ್ಟನೆ ನಿಲ್ಲಿಸಿತು. ಬೆಳಗ್ಗೆ ಅದರಲ್ಲಿ ನಗರಕ್ಕೆ ಹೋದವರು ಸಂಜೆ ಮನೆಗೆ ಬರಲು ಬೇರೆ ವಾಹನ ಹುಡುಕಬೇಕಾಯಿತು. ಕೆಲವು ವರ್ಷಗಳ ತರುವಾಯ ಆ ಮಾರ್ಗ ಅಧಿಕೃತವಾಗಿ ತ್ಯಕ್ತವಾದಾಗ, ಮಾರ್ಟನ್ ಸಸ್ಯೋದ್ಯಾನದಲ್ಲಿ ಬಹುಕಾಲ ಪ್ರಕೃತಿಪಾಠಗಳನ್ನು ಹೇಳಿದ್ದ ಮೇ ಥೀಲ್‌ಗಾರ್ಡ್ ವಾಟ್ಸ್ ಎಂಬ ವಿದುಷಿ 1963ರಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಒಂದು ಪತ್ರ ಬರೆದು, ಬುಲ್ಡೋಜರುಗಳು ಬರುವುದಕ್ಕೆ ಮುನ್ನವೇ ಈ ಪಟ್ಟೆಯನ್ನು ಕಾಲುದಾರಿಯಾಗಿ ಉಳಿಸಿಕೊಳ್ಳಬೇಕೆಂದು ಬೇಡಿದಳು. ಆಕೆ ಸಸ್ಯಗಳನ್ನು ಬಲ್ಲವಳಾಗಿದ್ದುದು ಆಕಸ್ಮಿಕವಲ್ಲ. ಇಲಿನಾಯ್ ಪ್ರಾಂತದ ಮೂಲ ಹುಲ್ಲುಗಾವಲೆಲ್ಲ ನೇಗಿಲಿಗೆ ಬಿದ್ದು ಹೋಗಿದ್ದಾಗ, ನೇಗಿಲು ಹೋಗದ ರೈಲಿನ ಅಂಚುಗಳಲ್ಲಿ ಮಾತ್ರ ಆ ಹುಲ್ಲುಗಳೂ ಹೂಗಳೂ ಅಲ್ಲಲ್ಲಿ ಉಳಿದುಕೊಂಡಿದ್ದುವು. ಕಬ್ಬಿಣದ ಯಂತ್ರಕ್ಕಾಗಿ ಕಾಯ್ದಿರಿಸಿದ ನೆಲವೇ ಆದಿಕಾಲದ ಸಸ್ಯಗಳಿಗೆ ಆಶ್ರಯವಾದುದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. ಆ ಪತ್ರದ ಫಲವಾಗಿ ಇಲಿನಾಯ್ ಪ್ರೇರಿ ಪಾತ್ ಎಂಬ ಕಾಲುದಾರಿ ಹುಟ್ಟಿತು. ಬಹುಮಟ್ಟಿಗೆ ಅದೇ ಕಾಲದಲ್ಲಿ, 1965ರಲ್ಲಿ, ವಿಸ್ಕಾನ್ಸಿನ್ ರಾಜ್ಯವು ಎಲ್ರಾಯ್ ಮತ್ತು ಸ್ಪಾರ್ಟಾ ಊರುಗಳ ನಡುವಣ 32 ಮೈಲಿಯ ತ್ಯಕ್ತಮಾರ್ಗವನ್ನು ಷಿಕಾಗೋ ನಾರ್ತ್ ವೆಸ್ಟರ್ನ್ ಕಂಪನಿಯಿಂದ ಕೊಂಡುಕೊಂಡಿತು. ಆ ದಾರಿಯಲ್ಲಿ ಮೂರು ಸುರಂಗಗಳಿವೆ, ದೊಡ್ಡದರ ಉದ್ದ ಮುಕ್ಕಾಲು ಮೈಲಿಗೆ ಸಮೀಪ. ದೀಪ ಹಿಡಿದು ಅದರೊಳಗೆ ಹಾಯುವ ಸೈಕಲ್ ಪ್ರವಾಸಿಗರು ಆ ಸಣ್ಣ ಊರುಗಳಿಗೆ ಹೊಸ ಜೀವನೋಪಾಯವನ್ನು ತಂದರು.

ಆದರೆ ಕೊಂಡುಕೊಳ್ಳುವ ಉಪಾಯ ಎಲ್ಲ ಕಡೆಗೂ ಸಲ್ಲುವಂತಿರಲಿಲ್ಲ. ಕಂಪನಿಗೆ ನೆಲವೇ ಇಲ್ಲದೆ ಹಾದಿಯ ಹಕ್ಕು ಮಾತ್ರ ಇದ್ದಲ್ಲಿ, ತ್ಯಜಿಸಿದ ಕ್ಷಣದಲ್ಲಿಯೇ ಮಾರುವುದಕ್ಕೆ ಅದರ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಈ ತೊಡಕನ್ನು ಬಿಡಿಸಲು ಅಮೆರಿಕದ ಕಾಂಗ್ರೆಸ್ಸು 1983ರಲ್ಲಿ, 1968ರ ರಾಷ್ಟ್ರೀಯ ಕಾಲುದಾರಿಗಳ ಶಾಸನಕ್ಕೆ ತಿದ್ದುಪಡಿ ಮಾಡಿ, ಬಹು ಸೂಕ್ಷ್ಮವಾದ ಒಂದು ಕಲ್ಪನೆಯನ್ನು ಸೃಷ್ಟಿಸಿತು. ಕಂಪನಿಯು ಒಂದು ಮಾರ್ಗವನ್ನು ಬಿಡಲು ಬಯಸಿದಾಗ, ಒಂದು ರಾಜ್ಯವಾಗಲಿ, ಪುರಸಭೆಯಾಗಲಿ, ಸ್ವಯಂಸೇವಕರ ಸಂಘವಾಗಲಿ ಮುಂದೆ ಬಂದು ಆ ನೆಲದ ಕಂದಾಯವನ್ನೂ ಅಪಘಾತಗಳ ಹೊಣೆಯನ್ನೂ ತಾನು ವಹಿಸುವೆನೆಂದು ಒಪ್ಪಿದರೆ, ಕಂಪನಿಯೂ ಅದಕ್ಕೆ ಸಮ್ಮತಿಸಿದರೆ, ಹಳಿಯನ್ನು ಕಿತ್ತುಹಾಕಿದರೂ ಆ ಮಾರ್ಗವು ತ್ಯಕ್ತವಾಗಲಿಲ್ಲವೆಂದೇ ನ್ಯಾಯವು ಭಾವಿಸತಕ್ಕದ್ದು. ಅದು ಮುಂದೆಂದಾದರೂ ರೈಲು ಮರಳಿ ಬರಲೆಂದು ಕಾಯ್ದಿರಿಸಿದ ನಿಧಿ. ಅಷ್ಟರವರೆಗೆ ಜನ ಅದರ ಮೇಲೆ ನಡೆಯಬಹುದು, ಸೈಕಲ್ ತುಳಿಯಬಹುದು. ತ್ಯಾಗವೇ ನಡೆಯದುದರಿಂದ ನೆಲ ಹೊಲದವನಿಗೆ ಮರಳುವ ಪ್ರಸಂಗವೇ ಬಾರದು. ಮಿಸೌರಿ ನದಿಯ 1986ರ ಪ್ರವಾಹದಿಂದ ಹಾಳಾಗಿ ಬಿಟ್ಟುಹೋದ ಮಿಸೌರಿ-ಕ್ಯಾನ್ಸಸ್-ಟೆಕ್ಸಸ್ ಕಂಪನಿಯ ಮಾರ್ಗವು ಇದೇ ವಿಧಿಯಿಂದ ಕೇಟಿ ಟ್ರೇಲ್ ಎಂಬ ದೀರ್ಘಪಥವಾಯಿತು. ಇಂದು ಅದರ ಉದ್ದ ಸುಮಾರು 240 ಮೈಲಿ. ದಡದ ರೈತರು ಅದನ್ನು ಸುಮ್ಮನೆ ಒಪ್ಪಲಿಲ್ಲ. ದಿನಕ್ಕೆ ಎರಡು ಬಾರಿ ಹಾಯುವ ಗಾಡಿಗೆ ಅಜ್ಜ ಕೊಟ್ಟ ಹಾದಿಯಲ್ಲಿ ಹಗಲೆಲ್ಲ ಅಪರಿಚಿತರು ತಿರುಗಾಡುವುದಾದರೆ ಅದು ಅಜ್ಜನು ಕೊಟ್ಟದ್ದೇ ಅಲ್ಲ ಎಂಬುದು ಇಂಥ ರೈತರ ವಾದ. ಅದನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ.

ಈ ವಾದ ಪೂರ್ಣ ಪರೀಕ್ಷೆಗೆ ಒಳಪಟ್ಟುದು ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ನಿನಲ್ಲಿ. ಷಾಂಪ್ಲೇನ್ ಸರೋವರದ ತೀರದಲ್ಲಿ 1899ರಲ್ಲಿ ರಟ್ಲಂಡ್-ಕೆನೇಡಿಯನ್ ಕಂಪನಿ ಪಡೆದ ನೆಲದ ಮೇಲೆ ರೈಲು 1970ರಲ್ಲಿ ನಿಂತಿತು, ಹಳಿಗಳನ್ನು 1975ರಲ್ಲಿ ತೆಗೆದರು. ಪಕ್ಕದ ಮನೆಯ ದಂಪತಿಗಳು ಆ ನೆಲ ತಮ್ಮದಾಯಿತೆಂದು ನಂಬಿದ್ದಾಗ, 1986ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗವು ಅದನ್ನು ನಗರಕ್ಕೆ ಕಾಲುದಾರಿಯಾಗಿ ಒಪ್ಪಿಸುವುದಕ್ಕೆ ಅನುಮತಿ ಕೊಟ್ಟಿತು. ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1990ರಲ್ಲಿ ನ್ಯಾಯಮೂರ್ತಿ ಬ್ರೆನ್ನನ್ ಬರೆದ ಏಕಮತದ ತೀರ್ಪು, 1983ರ ಶಾಸನ ಸಿಂಧುವೆಂದು ಎತ್ತಿಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, ಇದರಿಂದ ಯಾರ ಸ್ವತ್ತಾದರೂ ಸಾರ್ವಜನಿಕರ ಉಪಯೋಗಕ್ಕೆ ಹೋಗಿದ್ದರೆ ಅವನು ಸಂವಿಧಾನದ ಐದನೆಯ ತಿದ್ದುಪಡಿಯ ಪ್ರಕಾರ ಕೇಂದ್ರ ಸರ್ಕಾರದಿಂದ ಪರಿಹಾರವನ್ನು ಕೇಳಲು ಬಾಗಿಲು ತೆರೆದಿದೆಯೆಂದೂ ಹೇಳಿತು. ಆ ಬಾಗಿಲನ್ನು ತಟ್ಟಿದ ದಂಪತಿಗಳಿಗೆ 1996ರಲ್ಲಿ ಮೇಲ್ಮನವಿಯ ಫೆಡರಲ್ ನ್ಯಾಯಾಲಯದಲ್ಲಿ ಜಯ ದೊರೆಯಿತು: 1899ರಲ್ಲಿ ಕಂಪನಿ ಪಡೆದುದು ಹಾದಿಯ ಹಕ್ಕು ಮಾತ್ರ, ಅದೂ ರೈಲಿಗಾಗಿ, ನಡಿಗೆಯ ದಾರಿಗಾಗಿ ಅದನ್ನು ತೆಗೆದುಕೊಂಡ ಸರ್ಕಾರ ಬೆಲೆ ತೆರಬೇಕು ಎಂದು ನ್ಯಾಯಾಧೀಶರಲ್ಲಿ ಬಹುಮತದವರು ನಿರ್ಣಯಿಸಿದರು.

ಈ ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವುದು, ಅವು ಪರಸ್ಪರ ವಿರುದ್ಧವಲ್ಲ ಎಂದು. ಹಾದಿಯು ಅಖಂಡವಾಗಿ ಉಳಿಯುವುದು ಲೋಕಹಿತಕ್ಕೆ ಅಗತ್ಯವಾದರೆ, ಅದಕ್ಕೆ ತಗಲುವ ವೆಚ್ಚವನ್ನು ಹೊರಬೇಕಾದುದು ಲೋಕವೇ. ಆಕಸ್ಮಿಕವಾಗಿ ಅಜ್ಜನ ಕಾಲದಲ್ಲಿ ಹಳಿಯ ಪಕ್ಕಕ್ಕೆ ಬಿದ್ದ ಒಂದು ಕುಟುಂಬವಲ್ಲ. ಕಾಲುದಾರಿಗಳನ್ನು ಪ್ರೀತಿಸುವವರಲ್ಲಿ ಹಲವರು ಪರಿಹಾರದ ಬೇಡಿಕೆಯನ್ನು ದುರಾಸೆಯೆಂದು ಕಂಡಿದ್ದಾರೆ. ನಾನೂ ಕಾಲುದಾರಿಗಳನ್ನು ಪ್ರೀತಿಸುವವನೇ; ಆದರೂ ಬೆಲೆ ಕೊಡದೆ ಪಡೆದ ಸಾರ್ವಜನಿಕ ಸುಖವನ್ನು ಸುಖವೆಂದು ಎಣಿಸಲು ನನಗೆ ಮನಸ್ಸಾಗದು.

ವಯೋಮಿಂಗ್ ರಾಜ್ಯದಲ್ಲಿ ಈ ಪ್ರಶ್ನೆ ಬೇರೊಂದು ದಿಕ್ಕಿನಿಂದ ಎದ್ದಿತು. ಅಲ್ಲಿ ಮೆಡಿಸಿನ್ ಬೋ ಅರಣ್ಯದ ನಡುವೆ 1875ರ ಶಾಸನದ ಪ್ರಕಾರ 1908ರಲ್ಲಿ ಒಂದು ಸಣ್ಣ ಕಂಪನಿಗೆ ಸಿಕ್ಕ ಮಾರ್ಗವಿತ್ತು. 1976ರಲ್ಲಿ ಸರ್ಕಾರವು ಅದರ ದಾರಿಯಲ್ಲಿದ್ದ 83 ಎಕರೆಯನ್ನು ಭೂವಿನಿಮಯದಲ್ಲಿ ಒಂದು ಕುಟುಂಬಕ್ಕೆ ಬಿಟ್ಟುಕೊಟ್ಟಿತು. ಮಾರ್ಗವನ್ನು 2004ರಲ್ಲಿ ತ್ಯಜಿಸಿದ ಮೇಲೆ ಹಳಿಯ ನೆಲ ತನಗೇ ಮರಳಿತೆಂದು ಸರ್ಕಾರ ವಾದಿಸಿತು. ಈ ವಾದಕ್ಕೆ ಅಡ್ಡವಾದುದು ಸರ್ಕಾರದ್ದೇ ಹಳೆಯ ಮಾತು. 1942ರಲ್ಲಿ ಗ್ರೇಟ್ ನಾರ್ದರ್ನ್ ಕಂಪನಿ ತನ್ನ ಹಳಿಯ ಕೆಳಗಿನ ಎಣ್ಣೆಯನ್ನು ತೆಗೆಯಹೊರಟಾಗ, 1875ರ ಶಾಸನ ಕೊಟ್ಟುದು ನೆಲವನ್ನಲ್ಲ, ಹಾದುಹೋಗುವ ಹಕ್ಕನ್ನು ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಸಾಧಿಸಿ ಗೆದ್ದದ್ದು ಸರ್ಕಾರವೇ. ಹಾದಿಯ ಹಕ್ಕು ಮಾತ್ರವಾಗಿದ್ದರೆ ತ್ಯಾಗದೊಡನೆ ಅದು ತೀರಿತು. ನೆಲ ಈಗಿನ ಒಡೆಯನದು. 2014ರ ಮಾರ್ಚಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಹಾಗೆಯೇ ತೀರ್ಪಿತ್ತರು. ನ್ಯಾಯಮೂರ್ತಿ ಸೋಟೋಮಯೋರ್ ಒಬ್ಬರು ಭಿನ್ನಮತ ಬರೆದರು. ಪಶ್ಚಿಮದ ಬಯಲುಗಳಲ್ಲಿ 1875ರ ಶಾಸನದ ಮೇಲೆ ನಿಂತಿರುವ ಎಷ್ಟೋ ಹಳೆಯ ಮಾರ್ಗಗಳ ಭವಿಷ್ಯ ಆ ತೀರ್ಪಿನಿಂದ ಅನಿಶ್ಚಿತವಾಯಿತು.

ನಗರದಲ್ಲಿ ಇದೇ ಕಥೆಗೆ ಹಣದ ಬಣ್ಣ ಬರುತ್ತದೆ. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ದ್ವೀಪದ ಪಶ್ಚಿಮ ಅಂಚಿನಲ್ಲಿ, ಗೋದಾಮುಗಳ ಎರಡನೆಯ ಅಂತಸ್ತಿನ ಎತ್ತರದಲ್ಲಿ, 1934ರಲ್ಲಿ ತೆರೆದ ಹೈ ಲೈನ್ ಎಂಬ ಮೇಲುಮಾರ್ಗದ ಮೇಲೆ ಕೊನೆಯ ಗಾಡಿ 1980ರಲ್ಲಿ ಓಡಿತು. ಅದರ ಕೆಳಗಿನ ನಿವೇಶನಗಳ ಒಡೆಯರು ಅದನ್ನು ಕೆಡವಿಸಲು ಬಹುಕಾಲ ಯತ್ನಿಸಿದರು. ನೆರೆಹೊರೆಯ ಇಬ್ಬರು ತರುಣರು, ಜೋಷುವಾ ಡೇವಿಡ್ ಮತ್ತು ರಾಬರ್ಟ್ ಹ್ಯಾಮಂಡ್, 1999ರಲ್ಲಿ ಅದನ್ನು ಉಳಿಸುವ ಸಂಘ ಕಟ್ಟಿದರು. ಮಾರ್ಗ ಉಳಿದುದು ಸೌಂದರ್ಯಪ್ರೇಮದಿಂದ ಮಾತ್ರವಲ್ಲ. ಹಳಿಯಿಂದಾಗಿ ತಮ್ಮ ನಿವೇಶನದಲ್ಲಿ ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಒಡೆಯರು ಹತ್ತಿರದ ಬೀದಿಗಳಲ್ಲಿ ಕಟ್ಟುವವರಿಗೆ ಮಾರಬಹುದೆಂದು ನಗರಸಭೆ 2005ರಲ್ಲಿ ನಿಯಮ ಮಾಡಿತು. ಕೆಡವಬೇಕೆಂದವರಿಗೆ ಉಳಿಯುವುದರಲ್ಲಿಯೇ ಲಾಭ ಕಂಡಿತು. ಅದೇ ವರ್ಷ ಸಿ.ಎಸ್.ಎಕ್ಸ್. ಕಂಪನಿ ಆ ಕಟ್ಟಡವನ್ನು ನಗರಕ್ಕೆ ದಾನ ಮಾಡಿತು, 2009ರಲ್ಲಿ ಉದ್ಯಾನದ ಮೊದಲ ಭಾಗ ತೆರೆಯಿತು. ಸುತ್ತಲಿನ ಮನೆಗಳ ಬೆಲೆ ಎಷ್ಟು ಏರಿತೆಂದರೆ, ಮೊದಲಿನಿಂದ ಅಲ್ಲಿದ್ದ ಅಲ್ಪಾದಾಯದವರಿಗೆ ಆ ಉದ್ಯಾನ ತಮ್ಮದೆನಿಸಲಿಲ್ಲವೆಂಬುದನ್ನು ಅದರ ಸ್ಥಾಪಕರಲ್ಲೊಬ್ಬರಾದ ಹ್ಯಾಮಂಡರೇ ಅನಂತರ ಒಪ್ಪಿಕೊಂಡರು.

ಅಮೆರಿಕದ ತ್ಯಕ್ತಮಾರ್ಗಗಳಲ್ಲಿ ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಹೈ ಲೈನಿನಲ್ಲಲ್ಲ, ಐಡಹೋ ರಾಜ್ಯದ ಬೆಟ್ಟಗಳಲ್ಲಿ ಮಲನ್ನಿನಿಂದ ಪ್ಲಮರ್‌ವರೆಗೆ ಹೋಗುವ, ಎಪ್ಪತ್ತು ಮೈಲಿಗಿಂತ ಉದ್ದವಾದ ಒಂದು ದಾರಿಯಲ್ಲಿ. ಬೆಳ್ಳಿಯ ಗಣಿಗಳಿಗಾಗಿ ಹುಟ್ಟಿದ ಆ ಮಾರ್ಗ ಕೊನೆಗೆ ಯೂನಿಯನ್ ಪೆಸಿಫಿಕ್ ಕಂಪನಿಯದಾಗಿತ್ತು. ಅದರ ಒಂದು ಭಾಗ ಕೋರ್ ಡಲೇನ್ ಎಂಬ ಮೂಲನಿವಾಸಿ ಜನಾಂಗದ ಮೀಸಲುಭೂಮಿಯ ಮೂಲಕವೇ ಹಾಯುತ್ತಿತ್ತು. ಹಳಿಯ ಕೆಳಗೆ ಹಾಸಿದ ಜಲ್ಲಿಯಲ್ಲಿ ಗಣಿಯ ಕಸ ಬೆರೆತಿತ್ತು. ಗಾಡಿಗಳಿಂದ ಚೆಲ್ಲಿದ ಅದಿರೂ ಸೇರಿ, ಸೀಸ ಮೊದಲಾದ ವಿಷಲೋಹಗಳು ನೆಲದಲ್ಲಿ ತುಂಬಿದ್ದುವು. ಗಣಿಗಳು ಸೊರಗಿ ರೈಲು ನಿಂತ ಮೇಲೆ, ನೆಲವನ್ನು ಶುಚಿಗೊಳಿಸಬೇಕೆಂದು ಆ ಜನಾಂಗ ನ್ಯಾಯಾಲಯಕ್ಕೆ ಹೋಯಿತು. ಕಂಪನಿ, ಕೇಂದ್ರ ಸರ್ಕಾರ, ರಾಜ್ಯ, ಜನಾಂಗ ನಾಲ್ವರೂ ಮಾಡಿಕೊಂಡ ಒಪ್ಪಂದದಂತೆ ಕೆಲವೆಡೆ ಮಣ್ಣನ್ನು ತೆಗೆದು, ಉಳಿದ ವಿಷ ಹೊರಗೆ ಬಾರದಂತೆ ಹಳಿಯ ಪಟ್ಟೆಯ ಉದ್ದಕ್ಕೂ ಡಾಂಬರು ಹೊದಿಸಿದರು. 2004ರಲ್ಲಿ ಅದು ಸೈಕಲ್ ದಾರಿಯಾಗಿ ತೆರೆಯಿತು. ಇಂದು ಮೀಸಲುಭೂಮಿಯೊಳಗಿನ ಭಾಗವನ್ನು ಕೋರ್ ಡಲೇನ್ ಜನಾಂಗವೂ ಉಳಿದುದನ್ನು ರಾಜ್ಯದ ಉದ್ಯಾನ ಇಲಾಖೆಯೂ ನೋಡಿಕೊಳ್ಳುತ್ತವೆ. ಡಾಂಬರಿನ ಅಂಚನ್ನು ಬಿಟ್ಟು ಇಳಿಯಬಾರದೆಂದೂ ಊಟಕ್ಕೆ ಮುನ್ನ ಕೈ ತೊಳೆಯಬೇಕೆಂದೂ ಪ್ರಯಾಣಿಕರಿಗೆ ಅಲ್ಲಿ ಫಲಕಗಳಲ್ಲಿ ಬರೆದಿಟ್ಟಿದ್ದಾರೆ.